ಒಂದು ಕಾಲಮ್ಮಿನ ಶ್ರೀಸಾಮಾನ್ಯ: ಆರ್. ಕೆ. ಲಕ್ಷ್ಮಣ್



ಬೆಳಗ್ಗೆ ಊರಿನ ಚಹಾದಂಗಡಿಗೆ ಪತ್ರಿಕೆ ಬಂದು ಬೀಳುವ ಹೊತ್ತನ್ನು ಒಮ್ಮೆ ನೆನಪಿಸಿಕೊಳ್ಳಿ. ಪತ್ರಿಕೆ ಒಂದು, ಓದುವವರು ಹತ್ತು ಮಂದಿ. ಒಬ್ಬರ ಕೈಗೆ ಮೊದಲ ಪುಟ, ಇನ್ನೊಬ್ಬರ ಕೈಗೆ ಪೇಟೆಧಾರಣೆಯ ಪುಟ, ಹುಡುಗರ ಕೈಗೆ ಕ್ರಿಕೆಟ್ಟಿನ ಪುಟ. ಕಾಸರಗೋಡಿನಲ್ಲಿ ಅದು ಮಲಯಾಳ ಪತ್ರಿಕೆ ಇರಬಹುದು, ಸೊಲ್ಲಾಪುರದಲ್ಲಿ ಮರಾಠಿಯದು, ಹೊಸೂರಿನಲ್ಲಿ ತಮಿಳಿನದು, ಮಡಕಶಿರದಲ್ಲಿ ತೆಲುಗಿನದು. ಅಕ್ಷರ ಚೆನ್ನಾಗಿ ಬಲ್ಲವರೂ ಅಷ್ಟಾಗಿ ಬಾರದವರೂ ಒಂದೇ ರೀತಿ ಕಣ್ಣು ಹಾಯಿಸುವ ಜಾಗ ಆ ಪತ್ರಿಕೆಯಲ್ಲಿ ಒಂದಿರುತ್ತದೆ. ಅದು ವ್ಯಂಗ್ಯಚಿತ್ರದ ಮೂಲೆ. ಅಲ್ಲಿ ಒಂದು ಗಳಿಗೆ ನಿಂತು, ತುಟಿಯಂಚಿನಲ್ಲಿ ನಕ್ಕು, ಆಮೇಲೆ ನಾವು ಸುದ್ದಿಗೆ ಹೋಗುತ್ತೇವೆ.

ಆ ಮೂಲೆಯಲ್ಲಿ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಒಬ್ಬ ಮನುಷ್ಯ ನಿಂತಿದ್ದ. ಬೋಳುತಲೆ, ಕಿವಿಯ ಮೇಲೆ ನಾಲ್ಕು ಕೆದರಿದ ಕೂದಲು, ದಪ್ಪ ಮೂಗಿನ ಮೇಲೆ ಕನ್ನಡಕ, ಪೊದೆ ಮೀಸೆ, ಚೌಕುಳಿ ಕೋಟು, ಕೆಳಗೆ ಧೋತರ. ಅವನು ಮಾತಾಡುತ್ತಿರಲಿಲ್ಲ. ಹೆಸರೂ ಇರಲಿಲ್ಲ. ಇಂಗ್ಲಿಷಿನಲ್ಲಿ ಅವನನ್ನು ‘ಕಾಮನ್ ಮ್ಯಾನ್’ ಎಂದರು. ಕನ್ನಡದಲ್ಲಿ ನಮಗೆ ಇನ್ನೂ ಒಳ್ಳೆಯ ಮಾತು ಸಿದ್ಧವಾಗಿತ್ತು. ಕುವೆಂಪು ಅವರ ಲೇಖನಿಯಿಂದ ನಾಡಿನ ನಾಲಗೆಗೆ ಬಂದ ‘ಶ್ರೀಸಾಮಾನ್ಯ’ ಎಂಬ ಮಾತು. ಈ ಶ್ರೀಸಾಮಾನ್ಯನನ್ನು ಬರೆದವರು ಆರ್. ಕೆ. ಲಕ್ಷ್ಮಣ್. ಅವರ ಬದುಕನ್ನೂ ಅವರ ಕಸುಬಿನ ಒಳಗುಟ್ಟನ್ನೂ ಇಂದು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ. ಜೊತೆಗೆ ಗಡಿಯೂರಿನವರಾದ ನಮಗೆ ಸಹಜವಾಗಿ ಹುಟ್ಟುವ ಒಂದು ಪ್ರಶ್ನೆಯನ್ನೂ ಕೇಳುತ್ತೇನೆ: ಈ ಶ್ರೀಸಾಮಾನ್ಯ ಯಾವ ರಾಜ್ಯದವನು?

ಮೊದಲು ವ್ಯಂಗ್ಯಚಿತ್ರಗಳ ಬಗೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಪತ್ರಿಕೆಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಚಿತ್ರಗಳು ಬರುತ್ತವೆ. ಒಂದು, ಎರಡು-ಮೂರು ಕಾಲಂ ಅಗಲದ ದೊಡ್ಡ ರಾಜಕೀಯ ವ್ಯಂಗ್ಯಚಿತ್ರ. ಅದರಲ್ಲಿ ಮಂತ್ರಿ, ನಾಯಕ, ಸರಕಾರ ನೇರವಾಗಿ ಕಾಣಿಸಿಕೊಳ್ಳುತ್ತಾರೆ. ಎರಡನೆಯದು ಚಿತ್ರಸರಣಿ, ಅಂದರೆ ಕಾಮಿಕ್ ಸ್ಟ್ರಿಪ್. ಮೂರೋ ನಾಲ್ಕೋ ಚೌಕಗಳು ಸಾಲಾಗಿ ಇರುತ್ತವೆ. ಅದೇ ಪಾತ್ರಗಳು ದಿನವೂ ಬರುತ್ತವೆ. ಮೊದಲ ಚೌಕದಲ್ಲಿ ಶುರುವಾದ ಮಾತು ಕೊನೆಯ ಚೌಕದಲ್ಲಿ ನಗೆಯಾಗಿ ಒಡೆಯುತ್ತದೆ. ಮೂರನೆಯದು ಪಾಕೆಟ್ ಕಾರ್ಟೂನ್. ಒಂದೇ ಕಾಲಂ ಅಗಲ, ಒಂದೇ ಚೌಕ, ಕೆಳಗೆ ಒಂದೇ ಸಾಲು. ಇಂಗ್ಲೆಂಡಿನ ‘ಡೇಲಿ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ 1939ರಲ್ಲಿ ಆಸ್ಬರ್ಟ್ ಲ್ಯಾಂಕಾಸ್ಟರ್ ಎಂಬವರು ಇದನ್ನು ರೂಢಿಗೆ ತಂದರು.

ಲಕ್ಷ್ಮಣ್ ಮೊದಲನೆಯ ಬಗೆಯದನ್ನೂ ಬರೆದರು, ಮೂರನೆಯ ಬಗೆಯದನ್ನೂ ಬರೆದರು. ಅವರ ಪಾಕೆಟ್ ಕಾರ್ಟೂನಿಗೆ ಚಿತ್ರಸರಣಿಯ ಗುಣವೂ ಇತ್ತು. ಚೌಕ ದಿನಕ್ಕೆ ಒಂದೇ ಆದರೂ ನಿನ್ನೆ ಇದ್ದ ಮನುಷ್ಯನೇ ಇಂದೂ ಇರುತ್ತಿದ್ದ, ನಾಳೆಯೂ ಬರುತ್ತಿದ್ದ. ಸೋಮವಾರದ ಚೌಕ, ಮಂಗಳವಾರದ ಚೌಕ, ಬುಧವಾರದ ಚೌಕ ಎಂದು ದಿನಗಳನ್ನೇ ಸಾಲಾಗಿ ಜೋಡಿಸಿದರೆ ಅದೊಂದು ಅರ್ಧ ಶತಮಾನದ ಉದ್ದದ ಸರಣಿ.

ಲಕ್ಷ್ಮಣ್ ಹುಟ್ಟಿದ್ದು 1921ರ ಅಕ್ಟೋಬರಿನಲ್ಲಿ, ಮೈಸೂರಿನಲ್ಲಿ. ಹೆಸರಿನ ಮೊದಲಕ್ಷರ ಹೇಳುವ ರಾಶಿಪುರಂ ಇರುವುದು ತಮಿಳುನಾಡಿನಲ್ಲಿ. ತಂದೆ ಮೈಸೂರಿನ ಶಾಲೆಯಲ್ಲಿ ಮುಖ್ಯೋಪಾಧ್ಯಾಯರು. ಮನೆಮಾತು ತಮಿಳು, ಬೀದಿಯ ಮಾತು ಕನ್ನಡ, ಮನೆಗೆ ಬರುತ್ತಿದ್ದ ಪತ್ರಿಕೆಗಳ ಮಾತು ಇಂಗ್ಲಿಷ್. ಹೀಗೆ ಎರಡು ಮೂರು ಭಾಷೆಗಳ ನಡುವೆ ಬೆಳೆಯುವುದು ಹೇಗೆಂದು ನಿಮಗೆ ನಾನು ವಿವರಿಸಬೇಕಾಗಿಲ್ಲ. ಅಣ್ಣ ಆರ್. ಕೆ. ನಾರಾಯಣ್ ಮುಂದೆ ಮಾಲ್ಗುಡಿ ಎಂಬ ಊರನ್ನು ಕಟ್ಟಿ ಜಗತ್ತಿಗೇ ಪರಿಚಿತರಾದ ಕಾದಂಬರಿಕಾರರು. ಲಕ್ಷ್ಮಣ್ ಮನೆಯ ಕಿರಿಯ ಮಗ.

ಓದಲು ಬರುವ ಮೊದಲೇ ಈ ಹುಡುಗ ‘ಪಂಚ್’, ‘ಸ್ಟ್ರ್ಯಾಂಡ್’ ಮುಂತಾದ ಆಂಗ್ಲ ಪತ್ರಿಕೆಗಳ ಚಿತ್ರಗಳನ್ನು ಗಂಟೆಗಟ್ಟಲೆ ನೋಡುತ್ತ ಕೂರುತ್ತಿದ್ದ. ಆಮೇಲೆ ಮನೆಯ ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಡದೆ ಗೀಚತೊಡಗಿದ. ಶಾಲೆಯಲ್ಲಿ ಒಮ್ಮೆ ಎಲೆಯ ಚಿತ್ರ ಬರೆಯಲು ಹೇಳಿದಾಗ ಅವನು ಬರೆದ ಅರಳಿ ಎಲೆಯನ್ನು ಮೇಷ್ಟ್ರು ಮೆಚ್ಚಿದರು. ತಾನು ಚಿತ್ರಕಾರನಾಗುವವನು ಎಂಬ ನಂಬಿಕೆ ಅಂದು ಹುಟ್ಟಿತೆಂದು ಲಕ್ಷ್ಮಣ್ ಮುಂದೆ ನೆನೆಸಿಕೊಂಡಿದ್ದಾರೆ. ‘ಹಿಂದೂ’ ಪತ್ರಿಕೆಯಲ್ಲಿ ಬರುತ್ತಿದ್ದ ಡೇವಿಡ್ ಲೋ ಎಂಬ ಪ್ರಸಿದ್ಧ ವ್ಯಂಗ್ಯಚಿತ್ರಕಾರರ ಚಿತ್ರಗಳೆಂದರೆ ಹುಡುಗನಿಗೆ ಪ್ರಾಣ. ಆದರೆ ಇಂಗ್ಲಿಷಿನ ಆ ಸಹಿಯನ್ನು ಅವನು ‘ಲೋ’ ಎಂದು ಓದದೆ ‘ಕೌ’, ಅಂದರೆ ಹಸು, ಎಂದು ಬಹುಕಾಲ ಓದಿಕೊಂಡಿದ್ದನಂತೆ!

ಹುಡುಗ ಚಿಕ್ಕವನಿರುವಾಗಲೇ ತಂದೆಗೆ ಪಾರ್ಶ್ವವಾಯು ಬಡಿಯಿತು; ಸುಮಾರು ಒಂದು ವರ್ಷದಲ್ಲಿ ಅವರು ತೀರಿಕೊಂಡರು. ಹಿರಿಯರು ಸಂಸಾರದ ಭಾರ ಹೊತ್ತರು, ಓದು ನಿಲ್ಲಲಿಲ್ಲ. ಹೈಸ್ಕೂಲು ಮುಗಿಸಿದ ಲಕ್ಷ್ಮಣ್ ಮುಂಬಯಿಯ ಜೆ. ಜೆ. ಕಲಾಶಾಲೆಗೆ ತಮ್ಮ ಚಿತ್ರಗಳನ್ನು ಕಳುಹಿಸಿ ಪ್ರವೇಶ ಕೇಳಿದರು. ನಿಮ್ಮಲ್ಲಿ ಇಲ್ಲಿಗೆ ಬೇಕಾದಷ್ಟು ಪ್ರತಿಭೆ ಇಲ್ಲ ಎಂಬ ಅರ್ಥದ ಉತ್ತರ ಬಂತು. ಅವರು ಮೈಸೂರಿನಲ್ಲಿಯೇ ಬಿ.ಎ. ಓದಿದರು. ಓದುತ್ತಿದ್ದಾಗಲೇ ‘ಹಿಂದೂ’ ಪತ್ರಿಕೆಯಲ್ಲಿ ಬರುತ್ತಿದ್ದ ಅಣ್ಣನ ಕಥೆಗಳಿಗೆ ಚಿತ್ರ ಬರೆದರು.

ಇಲ್ಲಿ ಕನ್ನಡಿಗರು ನೆನಪಿಡಬೇಕಾದ ಒಂದು ಸಂಗತಿಯಿದೆ. 1942ರಲ್ಲಿ ಬೆಂಗಳೂರಿನ ವೈದ್ಯರಾದ ಡಾಕ್ಟರ್ ಎಂ. ಶಿವರಾಂ, ‘ರಾಶಿ’ ಎಂಬ ಹೆಸರಿನ ಸಾಹಿತಿ, ‘ಕೊರವಂಜಿ’ ಎಂಬ ಹಾಸ್ಯಪತ್ರಿಕೆಯನ್ನು ಶುರುಮಾಡಿದರು. ಕನ್ನಡಕ್ಕೆ ನಗುವನ್ನು ತಿಂಗಳು ತಿಂಗಳು ಮನೆಬಾಗಿಲಿಗೆ ತಂದುಕೊಟ್ಟ ಪತ್ರಿಕೆ ಅದು. ತರುಣ ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. ಮುಂದೆ ಇಡೀ ದೇಶವನ್ನು ನಗಿಸಿದ ಕುಂಚ ಆರಂಭದ ದಿನಗಳಲ್ಲಿ ಒಂದು ಕನ್ನಡ ಪತ್ರಿಕೆಯಲ್ಲಿಯೂ ಪಳಗಿತು.

ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ಕೆಲಕಾಲ ದುಡಿದ ಲಕ್ಷ್ಮಣ್ ಮುಂಬಯಿಗೆ ಹೋಗಿ ‘ಫ್ರೀ ಪ್ರೆಸ್ ಜರ್ನಲ್’ ಸೇರಿದರು. ಅಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದ ಇನ್ನೊಬ್ಬ ವ್ಯಂಗ್ಯಚಿತ್ರಕಾರ ಬಾಳ ಠಾಕ್ರೆ. ಠಾಕ್ರೆ ಮುಂದೆ ರಾಜಕೀಯಕ್ಕೆ ಹೋದರು. ಲಕ್ಷ್ಮಣ್ ರಾಜಕೀಯದವರನ್ನು ಬರೆಯುವುದರಲ್ಲಿಯೇ ಉಳಿದರು. ಸ್ವಾತಂತ್ರ್ಯ ಬಂದ ಹೊತ್ತಿಗೆ ‘ಟೈಮ್ಸ್ ಆಫ್ ಇಂಡಿಯಾ’ ಸೇರಿದ ಅವರು ಐವತ್ತಕ್ಕೂ ಹೆಚ್ಚು ವರ್ಷ ಆ ಪತ್ರಿಕೆಗೇ ಬರೆದರು. 1951ರಲ್ಲಿ ಅದರ ಮುಖಪುಟದಲ್ಲಿ ‘ಯು ಸೆಡ್ ಇಟ್’ ಎಂಬ ಕಿರುಚಿತ್ರ ಶುರುವಾಯಿತು. ‘ನೀವೇ ಹೇಳಿದಿರಲ್ಲ!’ ಎಂದು ನಾವದನ್ನು ಕನ್ನಡದಲ್ಲಿ ಹೇಳಬಹುದು. ಈ ಹೆಸರನ್ನು ನೆನಪಿನಲ್ಲಿಡಿ. ಅವರ ಕಸುಬಿನ ಕೀಲಿಕೈ ಇದರಲ್ಲಿಯೇ ಇದೆ.

ಈಗ ನಾವು ಕೇಳಿದ ಪ್ರಶ್ನೆಗೆ ಬರೋಣ. ಶ್ರೀಸಾಮಾನ್ಯ ಯಾವ ರಾಜ್ಯದವನು?

ಲಕ್ಷ್ಮಣ್ ಮೊದಮೊದಲು ಒಬ್ಬನೇ ಮನುಷ್ಯನನ್ನು ಬರೆಯುತ್ತಿರಲಿಲ್ಲ. ಇದು ಇಡೀ ದೇಶದ ಪತ್ರಿಕೆ, ಚಿತ್ರದಲ್ಲಿ ಇಡೀ ದೇಶ ಕಾಣಬೇಕು ಎಂದು ಅವರು ಭಾವಿಸಿದ್ದರು. ಹಾಗಾಗಿ ಚಿತ್ರದ ಹಿನ್ನೆಲೆಯಲ್ಲಿ ಒಬ್ಬ ಬಂಗಾಳಿ, ಒಬ್ಬ ತಮಿಳ, ಒಬ್ಬ ಪಂಜಾಬಿ ಹೀಗೆ ಬೇರೆ ಬೇರೆ ಕಡೆಯವರನ್ನು ಅವರವರ ಉಡುಪಿನಲ್ಲಿ ನಿಲ್ಲಿಸುತ್ತಿದ್ದರು. ಆದರೆ ದಿನಪತ್ರಿಕೆ ಕಾಯುವುದಿಲ್ಲ. ಸಂಜೆಯೊಳಗೆ ಚಿತ್ರ ಅಚ್ಚಿಗೆ ಹೋಗಬೇಕು. ಅಷ್ಟು ಜನರನ್ನು ಅಷ್ಟು ಸಣ್ಣ ಚೌಕದಲ್ಲಿ ದಿನವೂ ಬರೆಯಲು ಹೊತ್ತು ಸಾಲದು. ಒಬ್ಬೊಬ್ಬರಾಗಿ ಚಿತ್ರದಿಂದ ಇಳಿಯುತ್ತಾ ಹೋದರು. ಕೊನೆಗೆ ಉಳಿದವನು ಚೌಕುಳಿ ಕೋಟಿನ ಈ ಒಬ್ಬನೇ. ಲಕ್ಷ್ಮಣ್ ಅವರೇ ಹಲವು ಸಲ ಹೇಳಿಕೊಂಡ ಕಥೆ ಇದು.

ಅವನ ಉಡುಪನ್ನು ಗಮನಿಸಿ. ಧೋತರ ಉಡುವವರು ದಕ್ಷಿಣದಲ್ಲಿಯೂ ಇದ್ದಾರೆ, ಉತ್ತರದಲ್ಲಿಯೂ ಇದ್ದಾರೆ. ಕೋಟು ಎಲ್ಲ ಕಡೆಯ ಗುಮಾಸ್ತರೂ ಮೇಷ್ಟ್ರುಗಳೂ ತೊಟ್ಟಿದ್ದೇ. ತಲೆಯ ಮೇಲೆ ಪೇಟವಿಲ್ಲ, ಟೋಪಿಯಿಲ್ಲ. ಇಂಥ ರಾಜ್ಯದವನು ಎಂದು ಬೆರಳಿಟ್ಟು ತೋರಿಸಲು ಗುರುತೇ ಇಲ್ಲ. ಅದಕ್ಕಿಂತ ಮುಖ್ಯ, ಅವನು ಮಾತಾಡುವುದಿಲ್ಲ. ಬಾಯಿ ಬಿಟ್ಟರೆ ತಾನೆ ಭಾಷೆ ಯಾವುದೆಂದು ತಿಳಿಯುವುದು? ಚಿತ್ರದ ಕೆಳಗಿನ ಸಾಲು ಇಂಗ್ಲಿಷಿನದಾದರೂ ಆ ಮುಖದ ಅಚ್ಚರಿ ಇಂಗ್ಲಿಷಿನದಲ್ಲ. ತಲಾಠಿಯ ಕಚೇರಿಯ ಮುಂದೆ ನಿಂತವನ ಮುಖವೂ ಅದೇ, ವಿಲೇಜ್ ಆಫೀಸಿನ ಮುಂದೆ ನಿಂತವನ ಮುಖವೂ ಅದೇ. ಭಾಷೆಗೊಂದು, ರಾಜ್ಯಕ್ಕೊಂದು ಎಂದು ಬೇರೆ ಬೇರೆ ಮನುಷ್ಯರನ್ನು ನಿಲ್ಲಿಸಿ ದೇಶವನ್ನು ತೋರಿಸಲು ಹೊರಟವರಿಗೆ, ಅವರನ್ನೆಲ್ಲ ಕೈಬಿಟ್ಟ ಮೇಲೆಯೇ ಎಲ್ಲರವನೂ ಆಗಬಲ್ಲ ಒಬ್ಬನು ಸಿಕ್ಕಿದ.

ಇನ್ನು ಕೆಲಸದ ಬಗೆ. ನಗೆಚಿತ್ರ ಬರೆಯುವವರು ನಗುನಗುತ್ತಾ ಒಂದು ಗಳಿಗೆಯಲ್ಲಿ ಬರೆದುಬಿಡುತ್ತಾರೆಂದು ನಾವು ತಿಳಿಯುತ್ತೇವೆ. ಲಕ್ಷ್ಮಣ್ ಅವರದು ನಿತ್ಯದ ನೌಕರಿ. ಬೆಳಗ್ಗೆ ಕಚೇರಿಗೆ ಬಂದು ಪತ್ರಿಕೆಗಳನ್ನೆಲ್ಲ ಓದುವುದು, ಸುಮ್ಮನೆ ಕೂತು ಯೋಚಿಸುವುದು, ಏನೋ ಹೊಳೆಯುವವರೆಗೆ ಕಾಯುವುದು. ದಿನದ ಬಹುಪಾಲು ಹೋಗುತ್ತಿದ್ದುದು ಇದಕ್ಕೇ. ಹೊಳೆದ ಮೇಲೆ ಪೆನ್ಸಿಲಿನ ಕರಡು, ಅದರ ಮೇಲೆ ಕುಂಚದಿಂದ ಕಪ್ಪು ಮಸಿ. ಅವರ ಗೆರೆಯಲ್ಲಿ ಕಾಣುವ ದಪ್ಪ-ತೆಳುವಿನ ಓಟ ಕುಂಚದಿಂದ ಬಂದದ್ದು.

ಮುಖಗಳಲ್ಲಿ ಅವರು ಒಂದೇ ಗುರುತನ್ನು ಹಿಡಿಯುತ್ತಿದ್ದರು. ನೆಹರೂ ಅವರನ್ನು ಜನ ಬಿಳಿ ಟೋಪಿಯಲ್ಲಿ ನೋಡಿ ರೂಢಿಯಾಗಿದ್ದರೆ, ಲಕ್ಷ್ಮಣ್ ಟೋಪಿ ತೆಗೆದು ಬೋಳುತಲೆ ತೋರಿಸಿದರು. ಇಂದಿರಾ ಗಾಂಧಿಯವರ ಮೂಗು ಅವರ ಚಿತ್ರಗಳಲ್ಲಿ ವರ್ಷದಿಂದ ವರ್ಷಕ್ಕೆ ಉದ್ದವಾಯಿತು. ಆದರೂ ನೋಡಿದವರಿಗೆ ಅದು ಅವಮಾನ ಎನಿಸುತ್ತಿರಲಿಲ್ಲ. 1962ರ ಚೀನಾ ಯುದ್ಧದ ನಂತರ ತಾವು ಬರೆದ ಒಂದು ಚಿತ್ರವನ್ನು ನೋಡಿ ಸ್ವತಃ ನೆಹರೂ ಅವರೇ ಫೋನು ಮಾಡಿ, ದೊಡ್ಡದು ಮಾಡಿ ಸಹಿ ಹಾಕಿ ಕಳುಹಿಸುತ್ತೀರಾ ಎಂದು ಕೇಳಿದರೆಂದು ಲಕ್ಷ್ಮಣ್ ಹೇಳಿಕೊಂಡಿದ್ದಾರೆ.

ಈಗ ‘ನೀವೇ ಹೇಳಿದಿರಲ್ಲ’ ಎಂಬ ಕೀಲಿಕೈಯನ್ನು ತಿರುಗಿಸಿ ನೋಡೋಣ. ಇದಕ್ಕೆ ಲಕ್ಷ್ಮಣ್ ಅವರ ಚಿತ್ರ ಬೇಡ; ನಾವೇ ಒಂದನ್ನು ಮಾಡಿಕೊಳ್ಳೋಣ. ಗಡಿಯ ಊರಿನ ಒಂದು ಕನ್ನಡ ಶಾಲೆ ಎಂದಿಟ್ಟುಕೊಳ್ಳಿ. ವರ್ಷ ಮುಗಿಯುತ್ತ ಬಂದರೂ ಪಠ್ಯಪುಸ್ತಕ ಬಂದಿಲ್ಲ. ಇದನ್ನು ಚಿತ್ರವಾಗಿ ಮಾಡುವುದು ಹೇಗೆ?

‘ಪುಸ್ತಕ ಬಂದಿಲ್ಲ, ಮಕ್ಕಳಿಗೆ ಅನ್ಯಾಯ’ ಎಂದು ಒಬ್ಬ ಪೋಷಕನ ಬಾಯಲ್ಲಿ ಹೇಳಿಸಿದರೆ ಅದು ಮನವಿಪತ್ರವಾಯಿತು, ವ್ಯಂಗ್ಯಚಿತ್ರವಾಗಲಿಲ್ಲ. ಅಧಿಕಾರಿಯನ್ನು ರಾಕ್ಷಸನ ಹಾಗೆ ಬರೆದು ಬೈದರೆ ಅದು ಜಗಳವಾಯಿತು. ಈಗ ಹೀಗೆ ಮಾಡಿ. ಖಾಲಿ ಕೈಯ ಮಕ್ಕಳ ಮುಂದೆ ಅಧಿಕಾರಿ ನಗುಮುಖದಿಂದ ನಿಂತಿದ್ದಾರೆ. ಕೆಳಗೆ ಅವರ ಮಾತು: ‘ಪುಸ್ತಕ ತಡವಾದದ್ದು ಒಳ್ಳೆಯದೇ ಆಯಿತು. ಮುಂದಿನ ವರ್ಷದ ಮಕ್ಕಳಿಗೆ ಒಂದು ಹಾಳೆಯೂ ಮಾಸದೆ ಹೊಚ್ಚಹೊಸದೇ ಸಿಗುತ್ತದೆ!’ ಮೂಲೆಯಲ್ಲಿ, ಬಾಗಿಲ ಪಕ್ಕ, ಚೌಕುಳಿ ಕೋಟಿನವನು ಸುಮ್ಮನೆ ನಿಂತು ನೋಡುತ್ತಿದ್ದಾನೆ.

ಏನಾಯಿತು ನೋಡಿ. ಆರೋಪ ಮಾಡಿದವರು ಯಾರೂ ಇಲ್ಲ. ತಪ್ಪು ಮಾಡಿದವರೇ ಹೆಮ್ಮೆಯಿಂದ ತಮ್ಮ ತಪ್ಪನ್ನು ಹೇಳಿಕೊಂಡರು. ನೀವೇ ಹೇಳಿದಿರಲ್ಲ! ಲಕ್ಷ್ಮಣ್ ಅವರ ಸಾವಿರಾರು ಚಿತ್ರಗಳ ಹಿಂದಿನ ಯಂತ್ರ ಇದೇ. ಮಂತ್ರಿ ತನ್ನ ಸಾಧನೆಯನ್ನು ವಿವರಿಸುತ್ತಾನೆ, ಗುಮಾಸ್ತ ನಿಯಮವನ್ನು ವಿವರಿಸುತ್ತಾನೆ, ಮಾತು ತಾನಾಗಿಯೇ ಮಾತಾಡಿದವನ ಕಾಲಿಗೆ ತೊಡರಿಕೊಳ್ಳುತ್ತದೆ. ಅಂಥ ಕಡೆ ಶ್ರೀಸಾಮಾನ್ಯನೂ ಬಾಯಿಬಿಟ್ಟರೆ ನಗೆ ಕೆಡುತ್ತದೆ. ಅವನು ಕೇಳಿಸಿಕೊಂಡರೆ ಸಾಕು. ಅವನು ಕೇಳಿಸಿಕೊಳ್ಳುತ್ತಿದ್ದಾನೆ ಎಂಬುದನ್ನು ನಾವು ನೋಡುತ್ತೇವೆ. ಮಾತಾಡುತ್ತಿರುವವನಿಗೆ ಮಾತ್ರ ಅವನು ಕಾಣುವುದೇ ಇಲ್ಲ. ಮನೆಯಲ್ಲಿ ಅವನ ಬದಲು ಮಾತಾಡುವವಳು ಅವನ ಹೆಂಡತಿ. ಆಕೆಗೆ ಎಲ್ಲದರ ಬಗ್ಗೆಯೂ ಖಚಿತವಾದ ಅಭಿಪ್ರಾಯವಿದೆ.

ಮೌನ ಎಂದರೆ ಒಪ್ಪಿಗೆಯಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 1975ರಿಂದ 1977ರವರೆಗೆ ತುರ್ತುಪರಿಸ್ಥಿತಿ ಇದ್ದಾಗ ಪತ್ರಿಕೆಗಳ ಮೇಲೆ ಸೆನ್ಸಾರ್ ಬಂತು. ಆಗ ನಗುವುದೂ ಸುಲಭವಾಗಿರಲಿಲ್ಲ. ಒಂದು ಕಾಲಮ್ಮಿನ ಚಿತ್ರ ಸರಕಾರವನ್ನು ಬೀಳಿಸುವುದಿಲ್ಲ, ರಸ್ತೆಯ ಒಂದು ಗುಂಡಿಯನ್ನೂ ಮುಚ್ಚುವುದಿಲ್ಲ. ಆದರೆ ನಡೆದದ್ದನ್ನು ಒಬ್ಬನು ನೋಡಿದ್ದಾನೆ, ನಾಳೆಯೂ ಬಂದು ನೋಡುತ್ತಾನೆ ಎಂಬುದನ್ನು ಅದು ದಿನವೂ ಹೇಳುತ್ತದೆ. ಕಚೇರಿಯೊಂದರಲ್ಲಿ ತನ್ನದಲ್ಲದ ಭಾಷೆಯ ಅರ್ಜಿಯನ್ನು ಹಿಡಿದು, ಮೇಜಿನಾಚೆಯವರ ಮಾತನ್ನೆಲ್ಲ ಅರ್ಥಮಾಡಿಕೊಂಡೂ ಸುಮ್ಮನೆ ನಿಂತವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಆ ಸುಮ್ಮನಿರುವಿಕೆ ಪೂರ್ತಿ ಒಪ್ಪಿಗೆಯಾಗಿರಲಿಲ್ಲ ಎಂದು ನಮಗೆ ಗೊತ್ತು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಈ ಶ್ರೀಸಾಮಾನ್ಯ ನಿಜವಾಗಿ ಎಲ್ಲರವನೇ? ಕೋಟು, ಕನ್ನಡಕ, ಧೋತರ ಇವು ಪೇಟೆಯ ಓದುಬರಹ ಬಲ್ಲ ಮಧ್ಯಮವರ್ಗದ ಗಂಡಸಿನ ಗುರುತುಗಳು. ಅಕ್ಕಲಕೋಟೆಯ ಹೊಲದಲ್ಲಿ ಜೋಳ ಕೊಯ್ಯುವಾಕೆ, ನೀಲಗಿರಿಯಲ್ಲಿ ಚಹಾ ಎಲೆ ಕೀಳುವಾಕೆ, ವಯನಾಡಿನ ಕಾಡಂಚಿನ ಕೂಲಿಯವನು ಆ ಕೋಟಿನೊಳಗೆ ತಮ್ಮನ್ನು ಕಾಣಬೇಕಾದರೆ ಸ್ವಲ್ಪ ಕಷ್ಟಪಡಬೇಕು. ಲಕ್ಷ್ಮಣ್ ತಮ್ಮ ಸುತ್ತಲಿದ್ದ ಪೇಟೆಯನ್ನು ಬರೆದರು, ಆ ಪತ್ರಿಕೆಯನ್ನು ಓದುವವರಿಗೆ ಬರೆದರು. ಎಲ್ಲರ ಮುಖವೂ ಒಬ್ಬನ ಮುಖದಲ್ಲಿ ಸೇರಲಾರದು. ಇದು ಅವರ ಮಿತಿ. ಹೀಗೆಂದು ಹೇಳಿದರೆ ಅವರ ಗೌರವ ಕಡಮೆಯಾಗುವುದಿಲ್ಲ.

ಅವರ ಬೇರೆ ಕೆಲಸಗಳೂ ನಿಮಗೆ ಪರಿಚಿತವೇ. ಬಣ್ಣದ ಡಬ್ಬಿ, ಕುಂಚ ಹಿಡಿದು ನಿಂತ ತುಂಟ ಹುಡುಗ ‘ಗಟ್ಟು’ವನ್ನು ಅಂಗಡಿಯ ಮುಂದೆ ನೀವು ನೋಡಿರಬಹುದು. ಏಷ್ಯನ್ ಪೇಂಟ್ಸ್ ಕಂಪೆನಿಗಾಗಿ ಅವನನ್ನು ಲಕ್ಷ್ಮಣ್ ಬರೆದದ್ದು 1954ರಲ್ಲಿ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ 1986ರಲ್ಲಿ ದೂರದರ್ಶನದಲ್ಲಿ ಬಂದಾಗ ಅದರಲ್ಲಿ ಕಾಣುತ್ತಿದ್ದ ರೇಖಾಚಿತ್ರಗಳೂ ಇವರವೇ: ಕಥೆ ಅಣ್ಣನದು, ಗೆರೆ ತಮ್ಮನದು. ಮನಸ್ಸಿಗೆ ಬಿಡುವು ಬೇಕೆನಿಸಿದಾಗ ಅವರು ಕಾಗೆಗಳನ್ನು ಬರೆಯುತ್ತಿದ್ದರು. ನಾವು ಶನಿಯ ವಾಹನವೆಂದು ಓಡಿಸುವ ಕಾಗೆ ಅವರಿಗೆ ಹಕ್ಕಿಗಳಲ್ಲೆಲ್ಲ ಜಾಣ, ಚೆಲುವ. 1984ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ ದೊರೆತವು. ಅವರ ಶ್ರೀಸಾಮಾನ್ಯನಿಗೂ ಮನ್ನಣೆ ತಪ್ಪಲಿಲ್ಲ: 1988ರಲ್ಲಿ ಅವನು ಅಂಚೆಚೀಟಿಯ ಮೇಲೆ ಬಂದ, 2001ರಲ್ಲಿ ಪುಣೆಯ ಸಿಂಬಯಾಸಿಸ್ ಸಂಸ್ಥೆಯ ಆವರಣದಲ್ಲಿ ಅವನ ಪ್ರತಿಮೆ ನಿಂತಿತು. ದೊಡ್ಡವರ ಪ್ರತಿಮೆಗಳೇ ತುಂಬಿದ ದೇಶದಲ್ಲಿ ಹೆಸರಿಲ್ಲದವನಿಗೊಂದು ಪ್ರತಿಮೆ!

2003ರಲ್ಲಿ ಲಕ್ಷ್ಮಣ್ ಅವರಿಗೂ ತಂದೆಯಂತೆಯೇ ಪಾರ್ಶ್ವವಾಯು ಬಡಿಯಿತು. ದೇಹದ ಎಡಭಾಗ ಸ್ವಾಧೀನ ತಪ್ಪಿತು. ಬೇರೆಯವರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಅವರು ಚೇತರಿಸಿಕೊಂಡು ಮತ್ತೆ ಬರೆದರು. 2010ರಲ್ಲಿ ಮತ್ತೆ ಮತ್ತೆ ಆಘಾತಗಳಾದವು, ಮಾತು ಕಷ್ಟವಾಯಿತು. ದೊಡ್ಡವರ ಬಾಯಿಂದ ಅಷ್ಟೊಂದು ಮಾತಾಡಿಸಿದವರು ತಾವು ಕೊನೆಯಲ್ಲಿ ತಮ್ಮ ಶ್ರೀಸಾಮಾನ್ಯನ ಹಾಗೆಯೇ ಸುಮ್ಮನಾಗಬೇಕಾಯಿತು. 2015ರ ಜನವರಿ 26ರಂದು ಪುಣೆಯಲ್ಲಿ ತಮ್ಮ 93ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅಂದು ಗಣರಾಜ್ಯೋತ್ಸವದ ದಿನ. ಅಂತಿಮ ದರ್ಶನಕ್ಕಾಗಿ ಅವರ ಪಾರ್ಥಿವ ಶರೀರವನ್ನು ಸಿಂಬಯಾಸಿಸ್ ಆವರಣದಲ್ಲಿ, ಅವರೇ ಸೃಷ್ಟಿಸಿದ ಆ ಮನುಷ್ಯನ ಪ್ರತಿಮೆಯ ಹತ್ತಿರ ಇರಿಸಲಾಗಿತ್ತು.

ತಮಿಳು ಮನೆಯಲ್ಲಿ ಹುಟ್ಟಿ, ಕನ್ನಡದ ಮೈಸೂರಿನಲ್ಲಿ ಬೆಳೆದು, ಇಂಗ್ಲಿಷ್ ಪತ್ರಿಕೆಗೆ ದುಡಿದು, ಮರಾಠಿ ನೆಲದಲ್ಲಿ ಮಣ್ಣಾದವರು ಲಕ್ಷ್ಮಣ್. ಅವರನ್ನು ನಮ್ಮವರೆಂದು ಮೈಸೂರಿನವರು ಹೇಳಿದರೂ ಸರಿ, ಪುಣೆಯವರು ಹೇಳಿದರೂ ಸರಿ. ಗಡಿಯಲ್ಲಿ ಬದುಕುವ ನಮಗೆ ಇದು ವಿಚಿತ್ರವಾಗಿ ಕಾಣಬೇಕಾಗಿಲ್ಲ. ಎರಡು ಕಡೆಗೂ ಸೇರಿದವರಿರುತ್ತಾರೆ ಎಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ನಾಳೆ ಬೆಳಗ್ಗೆ ಚಹಾದಂಗಡಿಯಲ್ಲಿ ಪತ್ರಿಕೆ ನಿಮ್ಮ ಕೈಗೆ ಬಂದಾಗ, ಅದು ಯಾವ ಭಾಷೆಯದೇ ಆಗಿರಲಿ, ಚಿತ್ರದ ಮೂಲೆಯನ್ನು ಈ ಸಲ ಸ್ವಲ್ಪ ನಿಧಾನವಾಗಿ ನೋಡಿ. ಮಾತಾಡುತ್ತಿರುವವರು ಯಾರು, ಯಾರ ಮಾತು ಯಾರ ಕಾಲಿಗೆ ತೊಡರುತ್ತಿದೆ, ಬಾಗಿಲ ಪಕ್ಕದಲ್ಲಿ ನಿಂತು ಕೇಳುತ್ತಿರುವವರು ಯಾರು, ಗಮನಿಸಿ. ಅಕ್ಷರ ಬಾರದ ಅಜ್ಜನೊಬ್ಬ ಪಕ್ಕದಲ್ಲಿದ್ದರೆ ಕೆಳಗಿನ ಸಾಲನ್ನು ಅವರಿಗೆ ಕನ್ನಡದಲ್ಲಿ ಹೇಳಿ. ಅವರು ನಕ್ಕರೆ ಚಿತ್ರ ಗೆದ್ದಿತು ಎಂದು ತಿಳಿಯಿರಿ.